ಸಿಸಿ ಕ್ಯಾಮೆರಾ ಸರ್ವರ್‌ನ್ಯಾಗ ರೆಕಾರ್ಡಿಂಗ್ ಕೆಡಾಕತ್ತೈತಿ, ಇದು ಮೂರನೇ ಸಲ. ಏನ್ ಮಾಡೂದ್ರಿ?

ಬ್ಯಾಡಗಿ_ಖಾರ · ಸೋಮವಾರ ರಾತ್ರಿ 9.10

ಎಲ್ಲಾರಿಗೂ ನಮಸ್ಕಾರ. ಬ್ಯಾಡಗಿ ಹತ್ರ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ್ಯಾಗ ಲೆಕ್ಕ ಬರಿಯಾಂವ ನಾನು. "ನಿನಗ ಕಂಪ್ಯೂಟರ್ ಬರ್ತೈತೇನೋ" ಅಂತ ಮಾಲಕರು ಒಮ್ಮೆ ಕೇಳಿದ್ರು, ಹೂಂ ಅಂದೆ. ಅವತ್ತಿಂದ ಕ್ಯಾಮೆರಾದ ಉಸಾಬರಿನೂ ನನ್ನ ಕೊಳ್ಳಾಗ.

ಸೆಟಪ್ ಹಿಂಗೈತಿ. 2 ಮೆಗಾಪಿಕ್ಸೆಲ್‌ವು 12 ಕ್ಯಾಮೆರಾ, ಎಲ್ಲಾ ಎಚ್.264 (ವಿಡಿಯೊ ಕುಗ್ಗಿಸೂ ಪದ್ಧತಿ), 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್). ಡಿವಿಆರ್ (ರೆಡಿಮೇಡ್ ರೆಕಾರ್ಡರ್ ಡಬ್ಬಿ) ಅಲ್ಲ, ಅಸೆಂಬಲ್ ಮಾಡಿದ ಪಿಸಿ, 8 ಜಿಬಿ ರ‍್ಯಾಮ್, ಉಬುಂಟು, ಅದರ ಮ್ಯಾಲ ಓಪನ್ ಸೋರ್ಸ್ ರೆಕಾರ್ಡಿಂಗ್ ಸಾಫ್ಟ್‌ವೇರ್. ಹಾರ್ಡ್ ಡಿಸ್ಕ್ 4 ಟಿಬಿದು ಒಂದ. ಓಎಸ್, ಡೇಟಾಬೇಸ್, ವಿಡಿಯೊ ಎಲ್ಲಾ ಅದರಾಗ. ಒಂದೊಂದು ಫೈಲ್ ಒಂದೊಂದು ತಾಸಿಂದು, ಎಂಪಿ4.

ಹೋದ ಬುಧವಾರ ರೈತರೊಬ್ಬರು 84 ಚೀಲ ಇಳಿಸೇನಿ ಅಂತಾರ, ನಮ್ಮ ರಸೀದಿ 78 ಅಂತೈತಿ. ಗೇಟಿನ ಕ್ಯಾಮೆರಾ ನೋಡೂಣು ಅಂತ ಹೋದ್ರ ಮಧ್ಯಾಹ್ನ 1ರಿಂದ 2ರ ಫೈಲ್ ತೆರಿಯಂಗ ಇಲ್ಲ. ಸೈಜ್ 1.3 ಜಿಬಿ ತೋರಸ್ತೈತಿ, ಪ್ಲೇ ಮಾಡಿದ್ರ 'ಮೂವ್ ಆಟಮ್ ನಾಟ್ ಫೌಂಡ್' ಅಂತ ಬರ್ತೈತಿ. ಇದರ ಜೋಡಿ ಇನ್ನೂ ಎರಡು ಕಾಟ. ಹಿಂದಿನ ಅಂಗಳದ ಮೂರು ಕ್ಯಾಮೆರಾದಾಗ ಚಿತ್ರ ನಡುನಡುವ ಬೂದಿ ಬಣ್ಣಕ್ಕ ತಿರುಗಿ ಜ್ವಾಳದ ಅಂಬಲಿ ಕಲಿಸಿದಂಗ ಆಗ್ತೈತಿ. ಮತ್ತ ವಾರಕ್ಕೊಮ್ಮೆ ಡೇಟಾಬೇಸ್ 'ಟೇಬಲ್ ಈಸ್ ಮಾರ್ಕ್ಡ್ ಆ್ಯಸ್ ಕ್ರ್ಯಾಶ್ಡ್' ಅಂತ ಕೂತ್ಕೊಂಡು ಬಿಡ್ತೈತಿ.

ಕ್ಯಾಮೆರಾ ಹಾಕಿದಾಂವ "ಹಾರ್ಡ್ ಡಿಸ್ಕ್ ಹೋಗೈತ್ರಿ, ಬದಲಿ ಮಾಡ್ರಿ" ಅಂತಾನ. ಎಂಟು ತಿಂಗಳ ಹಿಂದ ಹಿಂಗ ಅಂದು ಬದಲಿ ಮಾಡಿಸ್ಯಾನ. ಮತ್ತ ದುಡ್ಡು ಕೇಳಾಕ ಮಾಲಕರ ಮುಂದ ನಿಂದ್ರೂ ಧೈರ್ಯ ಇಲ್ಲ ನನಗ.

ಗಿರ್ಮಿಟ್ · 9.14

ಯುಪಿಎಸ್ ಹಾಕ್ರಿ. ಮುಗೀತು ಥ್ರೆಡ್.

ಬ್ಯಾಡಗಿ_ಖಾರ · 9.16

ಇನ್ವರ್ಟರ್ ಐತ್ರಿ. ಆಫೀಸಿನ ಲೈಟು, ಫ್ಯಾನು, ಸರ್ವರ್ ಎಲ್ಲಾ ಅದರ ಮ್ಯಾಲ. ಕರೆಂಟ್ ಹೋದ್ರ ಲೈಟ್ ಸುದ್ದಾ ಆರಂಗಿಲ್ಲ.

ಗಿರ್ಮಿಟ್ · 9.17

ಹಂಗಾರ ಥ್ರೆಡ್ ಮುಗಿದಿಲ್ಲ.

ಉಣಕಲ್_ದಂಡಿ · 9.25

ಮೊದಲು ಒಂದ್ ಮಾತು. ಬಾಕಿ ಎಲ್ಲಾ ಆಮ್ಯಾಲ ಓದ್ರಿ. 4 ಎಂಬಿಪಿಎಸ್ ಅಂದ್ರ ಕ್ಯಾಮೆರಾಕ್ಕ ದಿನಕ್ಕ 43 ಜಿಬಿ. 12ಕ್ಕ 518 ಜಿಬಿ. 4 ಟಿಬಿ ಡಿಸ್ಕ್ ಏಳು, ಏಳೂವರಿ ದಿನಕ್ಕ ತುಂಬಿ ಹಳೇದನ್ನ ಅಳಿಸಾಕ ಚಾಲೂ ಮಾಡ್ತೈತಿ. ಇವತ್ತು ಸೋಮವಾರ. ನಿಮಗ ಬೇಕಾದ ಫೈಲ್ ಹೋದ ಬುಧವಾರದ್ದು. ಲೆಕ್ಕ ನೀವ ಬರೀತೀರಿ, ನಾ ಹೇಳೂದ್ ಬ್ಯಾಡ.

ಈಗ್ಗೀಗ ಆ ಫೈಲು, ಅದರ ಹಿಂದಿನ ತಾಸಿಂದು, ಮುಂದಿನ ತಾಸಿಂದು ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡ್ರಿ. ಅಲ್ಲೀತನಕ ಆ ಡಿಸ್ಕಿನ ಮ್ಯಾಲ ಯಾವ ರಿಪೇರಿನೂ ಓಡಸಬ್ಯಾಡ್ರಿ. ಎಫ್‌ಎಸ್‌ಸಿಕೆ (ಡಿಸ್ಕ್ ತಪಾಸಣಿ-ರಿಪೇರಿ ಕಮಾಂಡ್) ಅಂತೂ ಬ್ಯಾಡ ಅಂದ್ರ ಬ್ಯಾಡ.

ಬ್ಯಾಡಗಿ_ಖಾರ · 9.27

ಅಯ್ಯೋ ದೇವ್ರ. ಬೈಕ್ ತಗೊಂಡು ಹೊಂಟೆ.

ಗದಗ_ವೈರ್‌ಮನ್ · 9.41

ಅಂವ ಬರೂತನಕ ಇನ್ವರ್ಟರ್ ವಿಚಾರ ಹೇಳ್ತೀನಿ. ಲೈಟ್ ಆರಲಿಲ್ಲ ಅಂದ್ರ ಕಂಪ್ಯೂಟರ್ ಆರಲಿಲ್ಲ ಅಂತ ಅರ್ಥ ಅಲ್ಲ. ಮನಿ ಇನ್ವರ್ಟರ್‌ಗೆ ಎರಡು ಮೋಡ್ ಇರ್ತಾವ, ಹಿಂದ ಇಲ್ಲಾ ಬಾಜುಕ ಒಂದು ಸಣ್ಣ ಸ್ವಿಚ್. ಒಂದು ಇಕೋ, ಕೆಲವರದರಾಗ ನಾರ್ಮಲ್ ಅಥವಾ ವೈಡ್ ಅಂತ ಬರದಿರ್ತಾರ. ಇನ್ನೊಂದು ಯುಪಿಎಸ್ ಮೋಡ್. ಇಕೋದಾಗ ಬದಲಿ ಆಗಾಕ 40 ಮಿಲಿಸೆಕೆಂಡ್ ತನಕ ಹಿಡೀತೈತಿ. ಪಿಸಿಯ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ) ಕರೆಂಟ್ ಇಲ್ದ ಉಸಿರು ಹಿಡಿಯೂದು ಸ್ಟಾಂಡರ್ಡ್ ಪ್ರಕಾರ 16-17 ಮಿಲಿಸೆಕೆಂಡ್. ಅಗ್ಗದ ಎಸ್‌ಎಂಪಿಎಸ್ ಅಷ್ಟೂ ಹಿಡಿಯಂಗಿಲ್ಲ. ಫ್ಯಾನ್ ತಿರಗತಾ ಇರ್ತೈತಿ, ಎಲ್‌ಇಡಿ ಮಿಣಕ್ ಅಂದು ಸುಮ್ಮನಾಗ್ತೈತಿ, ಪಿಸಿ ಮಾತ್ರ ಸತ್ತು ಹುಟ್ಟಿರ್ತೈತಿ. ಯಾರಿಗೂ ಗೊತ್ತಾಗಂಗಿಲ್ಲ.

ತಾರಿಹಾಳ_ನೈಟ್‌ಶಿಫ್ಟ್ · 9.50

ಇಷ್ಟೆಲ್ಲಾ ಯಾಕ. ಎರಡು ಡಿಸ್ಕ್ ಹಾಕಿ ರೇಡ್ 1 ಮಾಡಿದ್ರ ಆತು. ಒಂದ್ ಕೆಟ್ರ ಇನ್ನೊಂದ್ರಾಗ ಇರ್ತೈತಿ.

ಸಪ್ತಾಪುರ_ಮಾಸ್ತರ · 10.05

ನೈಟ್‌ಶಿಫ್ಟ್ ಅವರ, ರೇಡ್ 1 ಅಂದ್ರ ಕನ್ನಡಿ. ಮುಖಕ್ಕ ಮಸಿ ಹತ್ತಿದ್ರ ಕನ್ನಡಿಯೊಳಗೂ ಮಸಿ ಕಾಣ್ತದ. ಅರ್ಧ ಬರದ ಫೈಲನ್ನ ಅದು ಎರಡೂ ಡಿಸ್ಕಿನ ಮ್ಯಾಲ ಅರ್ಧನ ಬರೀತದ. ಡಿಸ್ಕ್ ಸತ್ರ ರೇಡ್ ಉಳಸ್ತದ, ಖರೆ. ಇಲ್ಲಿ ಡಿಸ್ಕ್ ಸತ್ತದ ಅಂತ ಯಾರು ಹೇಳಿದ್ರು? ಹಾಕಿದಾಂವ. ಅಂವಂಗ ಡಿಸ್ಕ್ ಮಾರೋದದ.

ಪ್ರಶ್ನೆ ಕೇಳಿದವರು ಮೂರು ಬ್ಯಾರೆ ಬ್ಯಾರೆ ಜಡ್ಡನ್ನ ಒಂದ ಚೀಟಿಯೊಳಗ ಬರದು ಔಷಧಿ ಅಂಗಡಿಗೆ ಬಂದಾರ. ಬಿಡಿಸಿ ನೋಡೋಣು.

ಎಂಪಿ4 ಫೈಲಿನೊಳಗ ಚಿತ್ರ ಒಂದು ಕಡೆ, ಆ ಚಿತ್ರ ಎಲ್ಲೆಲ್ಲಿ ಅದ ಅನ್ನೋ ಅನುಕ್ರಮಣಿಕೆ ಇನ್ನೊಂದು ಕಡೆ ಇರ್ತದ. ಆ ಅನುಕ್ರಮಣಿಕೆಗೇ ಮೂವ್ ಆಟಮ್ ಅಂತಾರ. ಸಾಮಾನ್ಯವಾಗಿ ಅದನ್ನ ಬರೆಯೋದು ಫೈಲ್ ಮುಚ್ಚೋ ಹೊತ್ತಿಗೆ, ಕಟ್ಟಕಡೀಗೆ. ಒಂದು ತಾಸಿನ ಫೈಲ್ ಬರೀತಾ 43ನೇ ನಿಮಿಷಕ್ಕ ಮಶೀನ್ ಆರಿತು ಅಂದ್ರ 43 ನಿಮಿಷದ ಚಿತ್ರ ಡಿಸ್ಕಿನ ಮ್ಯಾಲ ಅದ, ಆದ್ರ ಅನುಕ್ರಮಣಿಕೆ ಹುಟ್ಟೇ ಇಲ್ಲ. 43 ಅಂತ ಸುಮ್ಮ ಅಂದಿಲ್ಲ. 4 ಎಂಬಿಪಿಎಸ್‌ಗೆ ನಿಮಿಷಕ್ಕ 30 ಎಂಬಿ, ಅವರ ಫೈಲ್ 1.3 ಜಿಬಿ. ಭಾಗಿಸ್ರಿ. ಅಂದ್ರ ಬುಧವಾರ 1 ಗಂಟೆ 43 ನಿಮಿಷದ ಸುಮಾರಿಗೆ ಆ ಸರ್ವರ್ ಬಿದ್ದದ. ಡಿಸ್ಕಿಗೂ ಇದಕ್ಕೂ ಸಂಬಂಧ ಇಲ್ಲ.

ಡೇಟಾಬೇಸಿನ 'ಕ್ರ್ಯಾಶ್ಡ್' ಅನ್ನೋ ಮಾತು ಮೈಐಸ್ಯಾಮ್ ಅನ್ನೋ ಹಳೇ ಪದ್ಧತಿಯ ಟೇಬಲ್ಲಿಂದ ಬರ್ತದ. ಅದಕ್ಕ ಜರ್ನಲ್ (ಮಾಡೋ ಕೆಲಸ ಮೊದಲ ಬರಕೊಳ್ಳೋ ದಿನಚರಿ) ಇಲ್ಲ, ನಡುವ ಬಿದ್ರ ಎದ್ದು ನಿಲ್ಲೋ ವಿದ್ಯಾ ಗೊತ್ತಿಲ್ಲ. ಇನ್ನೋಡಿಬಿಗೆ ಬದಲಿ ಮಾಡ್ರಿ, ಒಂದೊಂದು ಟೇಬಲ್ಲಿಗೆ ಒಂದೊಂದು ಸಾಲು ಕಮಾಂಡ್. ಇನ್ನೋಡಿಬಿ ಮೊದಲು ಲಾಗಿನೊಳಗ ಬರಕೊಂಡು ಆಮೇಲೆ ಟೇಬಲ್ ಮುಟ್ಟತದ. ಕರೆಂಟ್ ಬಂದಮ್ಯಾಲ ಲಾಗ್ ಓದಿ ತಾನ ಸರಿಪಡಿಸ್ಕೋತದ.

ಬೂದಿ ಬಣ್ಣದ್ದು ಇವೆರಡರ ಪೈಕಿ ಅಲ್ಲವೇ ಅಲ್ಲ ಅಂತ ನನ್ನ ಅನಿಸಿಕೆ. ಅದಕ್ಕ ಇನ್ನೂ ಮಾಹಿತಿ ಬೇಕು.

ತಾರಿಹಾಳ_ನೈಟ್‌ಶಿಫ್ಟ್ · 10.09

ಕನ್ನಡಿ ಉದಾಹರಣೆ ಛಲೋ ಐತಿ ಸರ್, ಆದ್ರ ನಮ್ಮ ಫ್ಯಾಕ್ಟರಿ ಒಳಗ ರೇಡ್ 5 ಐತಿ, ಮೂರು ವರ್ಷ ಆತು, ಏನೂ ಆಗಿಲ್ಲ.

ಬೆಟಗೇರಿ_ಮಗ್ಗ · 10.15

ಏನೂ ಆಗಿಲ್ಲ ಅನ್ನೂದು ಹೆಂಗ ಗೊತ್ತಾತು ಅಣ್ಣಾರ? ಸ್ಕ್ರಬ್ (ಇಡೀ ಡಿಸ್ಕ್ ಓದಿ ತಾಳೆ ನೋಡೂದು) ಓಡಿಸಿ ನೋಡೀರೇನು? ರೇಡ್ 5ರಾಗ ರೈಟ್ ಹೋಲ್ ಅಂತ ಒಂದೈತಿ. ಡೇಟಾ ಬರದು ಪ್ಯಾರಿಟಿ (ಕಳಕೊಂಡ ಡೇಟಾ ಮತ್ತ ಕಟ್ಟಾಕ ಇಡೂ ಲೆಕ್ಕ) ಬರಿಯೂದ್ರೊಳಗ ಕರೆಂಟ್ ಹೋದ್ರ ಎರಡಕ್ಕೂ ತಾಳ ತಪ್ಪತೈತಿ. ಅವತ್ತ ಕಾಣಂಗಿಲ್ಲ. ಮುಂದ ಯಾವಾಗರ ಒಂದು ಡಿಸ್ಕ್ ಸತ್ತು, ಆ ಪ್ಯಾರಿಟಿ ಹಿಡಕೊಂಡು ಮತ್ತ ಕಟ್ಟಾಕ ಹ್ವಾದಾಗ ಕಾಣತೈತಿ. ಬ್ಯಾಟರಿ ಇರೋ ಕಂಟ್ರೋಲರ್ ಇದ್ರ ಬ್ಯಾರೆ ಮಾತು.

ನಾನು ಕಾಲೇಜ್ ಲ್ಯಾಬಿನ್ಯಾಗ ಝಡ್‌ಎಫ್‌ಎಸ್ ಅನ್ನೂ ಫೈಲ್ ಸಿಸ್ಟಮ್ ಹಾಕೇನಿ. ಪ್ರತಿ ಬ್ಲಾಕಿಗೂ ಚೆಕ್‌ಸಮ್ (ತಾಳೆ ನೋಡೂ ಅಂಕಿ). ತಿಂಗಳಿಗೊಮ್ಮೆ ಸ್ಕ್ರಬ್. ಒಂದು ಡಿಸ್ಕ್ ಸುಳ್ಳು ಹೇಳಿದ್ರ ಇನ್ನೊಂದ್ರಿಂದ ಓದಿ ತಿದ್ದತೈತಿ. ಬರೀ ರೇಡ್‌ಗೆ ಯಾವ ಡಿಸ್ಕ್ ಖರೆ ಹೇಳಾಕತ್ತೈತಿ ಅನ್ನೂದ ಗೊತ್ತಾಗಂಗಿಲ್ಲ.

ಉಣಕಲ್_ದಂಡಿ · 10.18

8 ಜಿಬಿ ರ‍್ಯಾಮಿನ್ಯಾಗ ಝಡ್‌ಎಫ್‌ಎಸ್? ಟಿಬಿಗೆ ಒಂದು ಜಿಬಿ ಬೇಕಂತಾರಲ್ಲ.

ಬೆಟಗೇರಿ_ಮಗ್ಗ · 10.21

ಅದು ಬಾಯಿಂದ ಬಾಯಿಗೆ ಬಂದ ಮಾತು. ಡಿಡ್ಯೂಪ್ (ಒಂದ ಥರದ ಡೇಟಾ ಒಂದ ಸಲ ಇಡೂದು) ಚಾಲೂ ಮಾಡಿದ್ರ ರ‍್ಯಾಮ್ ತಿಂತೈತಿ, ಖರೆ. ವಿಡಿಯೊಕ್ಕ ಡಿಡ್ಯೂಪ್ ಹಾಕೂ ಹುಚ್ಚರು ಯಾರು? ಆದ್ರೂ ಈ ಅಣ್ಣಗ ಈಗ ಝಡ್‌ಎಫ್‌ಎಸ್ ಬ್ಯಾಡ. ಮೊದಲು ಮಶೀನ್ ಬೀಳೂದು ನಿಲ್ಲಲಿ.

ರಾಣೆಬೆನ್ನೂರು_ಜಿಂಕೆ · 10.30

ಸಂಬಂಧ ಇಲ್ಲದ ಪ್ರಶ್ನೆ, ಕ್ಷಮಿಸಿ. ಒಣ ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್ ಯಾಕೆ ಬೇಕು? ನಮ್ಮಮ್ಮ ಡಬ್ಬೀಲಿ ಹಾಕಿಡ್ತಾರೆ ಅಷ್ಟೆ.

ಗಿರ್ಮಿಟ್ · 10.32

ಬಣ್ಣಕ್ಕ ರೀ. ಬ್ಯಾಡಗಿ ಕಾಯಿಗೆ ಖಾರ ಕಡಿಮಿ, ಬಣ್ಣಕ್ಕ ರೊಕ್ಕ. ಬಿಸಲಿಗೆ, ಸೆಕಿಗೆ ಇಟ್ರ ಬಣ್ಣ ಇಳೀತೈತಿ. ಓಲಿಯೊರೆಸಿನ್ (ಬಣ್ಣದ ಸಾರ) ತಗದು ಲಿಪ್‌ಸ್ಟಿಕ್‌ಗೂ ಹಾಕ್ತಾರ. 2011ರಾಗ ಜಿಐ ಟ್ಯಾಗ್ ಸುದ್ದಾ ಬಂದೈತಿ. ನಿಮ್ಮವ್ವನ ಡಬ್ಬಿ ಕಾಯಿ ಹುಳಿ-ಸಾರಿಗೆ ಸಾಕು, ಲಿಪ್‌ಸ್ಟಿಕ್‌ಗೆ ಸಾಲಂಗಿಲ್ಲ.

ರಾಣೆಬೆನ್ನೂರು_ಜಿಂಕೆ · 10.33

ಡಬ್ಬಿ ಅಂತ ಒಂದು ತಳಿನೂ ಇದೆ ಅಲ್ವಾ 😄 ಡಬ್ಬಿ, ಕಡ್ಡಿ.

ಬ್ಯಾಡಗಿ_ಖಾರ · 11.20

ಕಾಪಿ ಆತ್ರಿ. ಮೂರೂ ಫೈಲು ಪೆನ್ ಡ್ರೈವಿಗೆ ಬಂದಾವ. ಉಣಕಲ್ ಅಣ್ಣಾರ, ನಿಮ್ಮ ಹೊಟ್ಟಿ ತಣ್ಣಗಿರಲಿ. ಹೋದ ಸೋಮವಾರ ಮಧ್ಯಾಹ್ನದ ತನಕದ್ದು ಅಳಸಿ ಹೋಗೇತಿ ಆಗಲೇ. ಇನ್ನೆರಡು ದಿನ ಬಿಟ್ಟಿದ್ರ ಕತಿ ಮುಗೀತಿತ್ತು.

ಇನ್ವರ್ಟರಿನ ಹಿಂದ ಟಾರ್ಚ್ ಹಾಕಿ ನೋಡಿದೆ. ಸ್ವಿಚ್ 'ಇಕೋ' ಕಡೆ ಐತಿ. ಅದರ ಮ್ಯಾಲ ಕೂತ ಮೆಣಸಿನಪುಡಿ ನೋಡಿದ್ರ ಹುಟ್ಟಿದಾಗಿಂದ ಯಾರೂ ಮುಟ್ಟಿಲ್ಲ.

ಸಪ್ತಾಪುರ_ಮಾಸ್ತರ · 11.26

ಒಂದು ಕೆಲಸ ಮಾಡ್ರಿ. ಟರ್ಮಿನಲ್‌ನ್ಯಾಗ 'ಲಾಸ್ಟ್' ಕಮಾಂಡ್ ಕೊಟ್ಟು ರೀಬೂಟ್ ಪಟ್ಟಿ ತಗೀರಿ. ಅದರ ಬಾಜುಕ ನಿಮ್ಮ ಡೀಸೆಲ್ ಜನರೇಟರ್ ಲಾಗ್‌ಬುಕ್ ಇಟ್ಟು ತಾಳೆ ನೋಡ್ರಿ. ಕರೆಂಟ್ ಹೋದ ದಿನ ಯಾವು, ಸರ್ವರ್ ಬಿದ್ದ ದಿನ ಯಾವು.

ಬ್ಯಾಡಗಿ_ಖಾರ · ಮಂಗಳವಾರ ಬೆಳಿಗ್ಗೆ 10.40

ಮಾಸ್ತರ, ಇದು ಲೆಕ್ಕದ ಕೆಲಸ ಆದದ್ದಕ್ಕ ನಿದ್ದಿ ಬಿಟ್ಟು ಮಾಡಿದೆ. ಒಂದು ತಿಂಗಳಾಗ ಕರೆಂಟ್ ಹೋಗಿದ್ದು 9 ಸಲ. ಸರ್ವರ್ ರೀಬೂಟ್ ಆಗಿದ್ದು 23 ಸಲ! ಅದರಾಗ ಹೆಚ್ಚಿನವು ಮಧ್ಯಾಹ್ನ 1.30ರಿಂದ 2ರ ನಡುವ. ಬುಧವಾರ 1.44ಕ್ಕ ಮ್ಯಾಲ ಎದ್ದೈತಿ, ನೀವು ಹೇಳಿದ್ದು ಒಂದು ನಿಮಿಷ ಆಚೀಚೆ. ಅವತ್ತ ಕರೆಂಟ್ ಹೋಗೇ ಇಲ್ಲ.

ಗದಗ_ವೈರ್‌ಮನ್ · 10.52

1.30ರಿಂದ 2ರ ನಡುವ ಅಲ್ಲಿ ಏನ್ ಚಾಲೂ ಆಗ್ತೈತಿ?

ಬ್ಯಾಡಗಿ_ಖಾರ · 10.55

ಊಟಾದಮ್ಯಾಲ ಎರಡನೇ ಕಂಪ್ರೆಸರ್ ಹಾಕ್ತಾರ.

ಗದಗ_ವೈರ್‌ಮನ್ · 11.10

ಸಿಕ್ತ ನೋಡ್ರಿ ಕಳ್ಳ.

ದೊಡ್ಡ ಮೋಟರ್ ಎಳಿಯೂ ಹೊತ್ತಿಗೆ ಆ ಫೇಸಿನ ವೋಲ್ಟೇಜ್ ಒಂದು ಕ್ಷಣ ಕೆಳಗ ಕೂಡ್ತೈತಿ. 230 ಇದ್ದದ್ದು 140-150ಕ್ಕ ಬಂತು ಅಂತ ಇಟ್ಕೋರಿ. ನಿಮ್ಮ ಇನ್ವರ್ಟರ್ ಇಕೋ ಮೋಡಿನ್ಯಾಗ ಐತಿ, ಅಂದ್ರ ಅದು 100 ವೋಲ್ಟ್ ತನಕ ಬಂದ್ರೂ "ಕರೆಂಟ್ ಐತಿ" ಅಂತ ತಿಳಕೊಂಡು ಹಂಗ ಮುಂದ ದಬ್ಬತೈತಿ, ಬ್ಯಾಟರಿಗೆ ಹೋಗೂದ ಇಲ್ಲ. ಫ್ಯಾನಿಗೆ ನಡೀತೈತಿ. 180ರ ಕೆಳಗ ನಡಿಯಲಾರದ ಎಸ್‌ಎಂಪಿಎಸ್ ಕೈ ಎತ್ತತೈತಿ. ಯುಪಿಎಸ್ ಮೋಡಿನ್ಯಾಗ ಇಟ್ರ 180ರ ಆಸುಪಾಸಿಗೇ ಬ್ಯಾಟರಿಗೆ ಜಿಗೀತೈತಿ, ಅದೂ 10-15 ಮಿಲಿಸೆಕೆಂಡಿನ್ಯಾಗ.

ಸ್ವಿಚ್ ಸರಿಸೂದು ಪುಕ್ಕಟೆ. ಇವತ್ತ ಸರಿಸ್ರಿ. ಆಮ್ಯಾಲ ಸರ್ವರಿಗೆ ಬ್ಯಾರೆ ಫೇಸಿಂದ ಲೈನ್ ಎಳಸ್ರಿ, ಕಂಪ್ರೆಸರ್ ಇರೂ ಫೇಸ್ ಬ್ಯಾಡ. ಸಾಧ್ಯ ಆದ್ರ ಒಂದು ಸಣ್ಣ ಲೈನ್-ಇಂಟರಾಕ್ಟಿವ್ (ವೋಲ್ಟೇಜ್ ತಾನ ಸರಿ ಮಾಡೂ) ಯುಪಿಎಸ್, ಬರೀ ಸರ್ವರ್‌ಗೆ ಮತ್ತ ಕ್ಯಾಮೆರಾ ಸ್ವಿಚ್ಚಿಗೆ.

ಗಿರ್ಮಿಟ್ · 11.12

ನಾ ಮೊದಲನೇ ರಿಪ್ಲೈನ್ಯಾಗ ಹೇಳಿದ್ದೆ.

ಗದಗ_ವೈರ್‌ಮನ್ · 11.13

ನಿಂತ ಗಡಿಯಾರನೂ ದಿನಕ್ಕ ಎರಡು ಸಲ ಸರಿ ಟೈಮ್ ತೋರಸ್ತೈತಿ ತಮ್ಮಾ.

ಉಣಕಲ್_ದಂಡಿ · 11.30

ಯುಪಿಎಸ್ ತಗೊಂಡ್ರ ಯುಎಸ್‌ಬಿ ಪೋರ್ಟ್ ಇರೂದು ತಗೋರಿ. ಬ್ಯಾಟರಿ ಮುಗಿಯಾಕ ಬಂದಾಗ ಸರ್ವರಿಗೆ "ಇನ್ನ ಮಲಕೋ" ಅಂತ ಹೇಳೂದು ಅದರ ಮೂಲಕ. ಲಿನಕ್ಸಿನ್ಯಾಗ ನಟ್ ಅಂತ ಒಂದು ಸಾಫ್ಟ್‌ವೇರ್ ಐತಿ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ಅದು ಇರದಿದ್ರ ಯುಪಿಎಸ್ ಅಂದ್ರ ಸಾವನ್ನ ಇಪ್ಪತ್ತು ನಿಮಿಷ ಮುಂದ ದೂಡೂ ಡಬ್ಬಿ ಅಷ್ಟ.

ನಮ್ಮ ಅಂಗಡ್ಯಾಗ ಯುಪಿಎಸ್ ಇತ್ತು, ಯುಎಸ್‌ಬಿ ಕೇಬಲ್ ಪ್ಯಾಕೆಟ್ ಒಡೀದ ಡ್ರಾವರಿನ್ಯಾಗ ಇತ್ತು. ಬ್ಯಾಟರಿನೂ ನಾಲ್ಕು ವರ್ಷದ್ದು. ಅಡ್ಡಮಳಿ ಬಂದ ಒಂದು ಸಂಜಿ ಕರೆಂಟ್ ಹೋತು, ಯುಪಿಎಸ್ ಒಂದ ಸಲ ಕೀಂ ಅಂತು, ಎಲ್ಲಾ ಕತ್ತಲಿ. ಇಪ್ಪತ್ತು ಸೆಕೆಂಡೂ ತಡೀಲಿಲ್ಲ. ಅವತ್ತಿಂದ ತಿಂಗಳಿಗೊಮ್ಮೆ ಪ್ಲಗ್ ಕಿತ್ತು ನಿಂತ್ಕೊಂಡು ಗಡಿಯಾರ ನೋಡ್ತೀನಿ. ಹೆಂಡತಿ ಇದಕ್ಕ 'ಅಮಾವಾಸ್ಯೆ ಪೂಜಿ' ಅಂತ ಹೆಸರಿಟ್ಟಾಳ.

ತಾರಿಹಾಳ_ನೈಟ್‌ಶಿಫ್ಟ್ · 12.05

ಅದೆಲ್ಲಾ ಇರಲಿ, ಡಿಸ್ಕ್ ಹೆಂಗೈತಿ ಅಂತ ಯಾರೂ ಕೇಳಲಿಲ್ಲಲ್ಲ? ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನ ಇಡೂ ಲೆಕ್ಕ) ಹಾಕ್ರಿ.

ಬ್ಯಾಡಗಿ_ಖಾರ · 12.30

ಹಾಕೇನಿ, ಮೊದಲಿನ ಅಂಕಿ ರಿಪೋರ್ಟಿನ ಸಾಲಿನ ನಂಬರ್. 5 ರೀಅಲೊಕೇಟೆಡ್ (ಕೆಟ್ಟು ಬದಲಿ ಮಾಡಿದ ಜಾಗ): 0. 197 ಪೆಂಡಿಂಗ್: 0. 198: 0. 199 ಯುಡಿಎಂಎ ಸಿಆರ್‌ಸಿ ಎರರ್: 1412. ಉಷ್ಣತೆ 51.

ತಾರಿಹಾಳ_ನೈಟ್‌ಶಿಫ್ಟ್ · 12.34

1412! ಇದರಿಂದನ ಫೈಲ್ ಕೆಟ್ಟಾವ. ನೋಡ್ರಿ ಡಿಸ್ಕಿಂದ ತಪ್ಪು ಅಂತ ನಾ ಹೇಳಿದ್ನಿ.

ಬೆಟಗೇರಿ_ಮಗ್ಗ · 12.41

ಅಣ್ಣಾರ, 199 ಡಿಸ್ಕಿನ ಜಡ್ಡಲ್ಲ, ಸಾಟಾ ಕೇಬಲ್ಲಿಂದು (ಡಿಸ್ಕನ್ನ ಮದರ್‌ಬೋರ್ಡಿಗೆ ಜೋಡಿಸೂ ಕೇಬಲ್). ಕೇಬಲ್ ಸಡಿಲ ಆಗಿ ದಾರ್ಯಾಗ ಬಿಟ್ ಕೆಟ್ರ ಸಿಆರ್‌ಸಿ (ಡೇಟಾದ ಜೋಡಿ ಬರೂ ಪರೀಕ್ಷೆ ಅಂಕಿ) ತಾಳೆ ಬೀಳಂಗಿಲ್ಲ, ಮತ್ತೊಮ್ಮೆ ಕಳಸ್ತೈತಿ. ಕೆಟ್ಟ ಡೇಟಾ ಡಿಸ್ಕಿನ ಮ್ಯಾಲ ಕೂಡಂಗಿಲ್ಲ, ತಡ ಆಗ್ತೈತಿ ಅಷ್ಟ. ಬಾಳ ಆದ್ರ ಲಿಂಕ್ ರೀಸೆಟ್ ಆಗಿ ರೆಕಾರ್ಡಿಂಗ್ ತಡಬಡಸ್ತೈತಿ. ನೂರೈವತ್ತು ರೂಪಾಯಿ ಕೇಬಲ್ ಬದಲಿ ಮಾಡ್ರಿ. ಆ 1412 ಹಂಗ ಉಳೀತೈತಿ, ಸೊನ್ನೆ ಆಗಂಗಿಲ್ಲ. ಅದು ಮುಂದ ಏರಬಾರದು, ಅಷ್ಟ ನೋಡ್ಕೋರಿ.

ಸದ್ದಿಲ್ಲದ ಡೇಟಾ ಕೆಡಸೂದು ಯಾವುದು ಅಂದ್ರ ರ‍್ಯಾಮ್. ರ‍್ಯಾಮಿನ್ಯಾಗ ಒಂದು ಬಿಟ್ ಹೊಳ್ಳಿದ್ರ ಡಿಸ್ಕು, ಸಿಆರ್‌ಸಿ, ರೇಡು ಎಲ್ಲಾ ಸೇರಿ ಆ ಸುಳ್ಳನ್ನ ಭಕ್ತಿಯಿಂದ ಬರದಿಡ್ತಾವ. ಒಂದು ರಾತ್ರಿ ಮೆಮ್‌ಟೆಸ್ಟ್ ಅನ್ನೂ ಮೆಮೊರಿ ಪರೀಕ್ಷೆ ಹಚ್ಚಿ ಬಿಡ್ರಿ. ಹೊಸ ಸರ್ವರ್ ತಗೊಳ್ಳೂ ಯೋಗ ಬಂದ್ರ ಇಸಿಸಿ (ಬಿಟ್ ತಪ್ಪು ತಾನ ತಿದ್ದೂ) ರ‍್ಯಾಮ್ ಕೇಳ್ರಿ.

ಗಿರ್ಮಿಟ್ · 12.44

51 ಡಿಗ್ರಿ! ಕೋಲ್ಡ್ ಸ್ಟೋರೇಜಿನ್ಯಾಗ ಕೂತು 51 ಡಿಗ್ರಿ!

ಬ್ಯಾಡಗಿ_ಖಾರ · 12.46

ಸರ್ವರ್ ಇರೂದು ತೂಕದ ಮನಿ ಬಾಜು ತಗಡಿನ ಖೋಲಿಯೊಳಗ್ರಿ. ಮೆಣಸಿನಕಾಯಿಗೆ 4-6 ಡಿಗ್ರಿ, ನಮಗ 40.

ಉಣಕಲ್_ದಂಡಿ · 12.58

ಸೆಕಿಗೆ ಅಷ್ಟು ಅಂಜಬ್ಯಾಡ್ರಿ. 2007ರಾಗ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕಿಂತ ಹೆಚ್ಚು ಡಿಸ್ಕಿನ ಲೆಕ್ಕ ತಗದು ಬರದಾರ, ಉಷ್ಣತೆಗೂ ಡಿಸ್ಕ್ ಸಾಯೂದಕ್ಕೂ ಜನ ತಿಳದಷ್ಟು ಗಟ್ಟಿ ಸಂಬಂಧ ಕಾಣಲಿಲ್ಲ ಅಂತ. ಅದ ಪೇಪರಿನ್ಯಾಗ ಇನ್ನೊಂದು ಐತಿ: ಸ್ಮಾರ್ಟಿನ್ಯಾಗ ಒಂದೂ ಸುಳಿವು ಕೊಡದ ಸತ್ತ ಡಿಸ್ಕ್‌ಗಳೂ ರಗಡ ಇದ್ದವು. ಅಂದ್ರ ಎಲ್ಲಾ ಸೊನ್ನೆ ಐತಿ ಅಂತ ನೆಮ್ಮದಿಯಿಂದ ಮಲಗಬ್ಯಾಡ್ರಿ.

ಬ್ಯಾಡಗಿ_ಖಾರ · 1.05

ಸಂಜಿಗೆ ಡಬ್ಬಿ ಬಿಚ್ಚಿ ಬ್ಲೋಯರ್ ಹೊಡೀತೀನಿ.

ಗದಗ_ವೈರ್‌ಮನ್ · 1.08

ಖೋಲಿಯೊಳಗ ಹೊಡೀಬ್ಯಾಡ್ರೋ ಮಾರಾಯಾ. ಹೊರಗ ತಗೊಂಡು ಹೋಗ್ರಿ, ಗಾಳಿ ಯಾ ಕಡೆ ಐತಿ ನೋಡ್ಕೋರಿ.

ಬ್ಯಾಡಗಿ_ಖಾರ · ಸಂಜೆ 6.20

ಖೋಲಿಯೊಳಗ ಹೊಡದೆ. ನಾನು, ವಾಚ್‌ಮನ್, ತೂಕದ ಹುಡುಗ ಮೂವರೂ ಅರ್ಧ ತಾಸು ಬಾವಿಕಟ್ಟಿ ಮ್ಯಾಲ ಕಣ್ಣೀರು ಹಾಕ್ಕೊಂತ ಕುಂತಿದ್ವಿ. ಖಾರ ಕಡಿಮಿ ಅಂದಾಂವ ಯಾರು?

ಉಷ್ಣತೆ ಈಗ 42.

ಶಿಗ್ಗಾಂವಿ_ಕರಿಕೋಟು · 7.15

ನಾನು ವಕೀಲ, ತಂತ್ರಜ್ಞ ಅಲ್ಲ. ಆದರೆ ಚೀಲದ ವ್ಯಾಜ್ಯ ಮುಂದೆ ಹೋದರೆ ಎಂಬ ದೃಷ್ಟಿಯಿಂದ ಹೇಳುತ್ತೇನೆ. ಫೈಲ್ ಕೆಡದೆ ಉಳಿದರೆ ಸಾಲದು, ಕೆಟ್ಟಿಲ್ಲ ಎಂದು ತೋರಿಸಲೂ ಬರಬೇಕು. ಮೊದಲು ಸಾಕ್ಷ್ಯ ಕಾಯಿದೆಯ 65ಬಿ ಪ್ರಮಾಣಪತ್ರ ಅನ್ನುತ್ತಿದ್ದೆವು, ಪೆನ್ ಡ್ರೈವಿನ ಪ್ರತಿಗೆ ಅದು ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಮತ್ತೊಮ್ಮೆ ಸ್ಪಷ್ಟ ಮಾಡಿತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಾಗಿದೆ, ಈಗ ಅದು ಕಲಂ 63. ಹೊಸ ನಮೂನೆಯಲ್ಲಿ ಎರಡು ಭಾಗ ಇವೆ, ಒಂದು ಸಾಧನ ನೋಡಿಕೊಳ್ಳುವವರದು, ಇನ್ನೊಂದು ತಜ್ಞರದು. ಎರಡರಲ್ಲೂ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬರೆಯಬೇಕು.

ಆದ್ದರಿಂದ ಕಾಪಿ ಮಾಡಿದ ತಕ್ಷಣ, ಏನನ್ನೂ ಮುಟ್ಟುವ ಮೊದಲು, ಮೂರೂ ಫೈಲಿನ ಶಾ-256 ಹ್ಯಾಶ್ ತೆಗೆದು ದಿನಾಂಕ ಸಮೇತ ರಿಜಿಸ್ಟರಿನಲ್ಲಿ ಬರೆದಿಡಿ. ರಿಪೇರಿ ಏನಿದ್ದರೂ ಪ್ರತಿಯ ಪ್ರತಿಯ ಮೇಲೆ. ಇನ್ನೊಂದು: ಕ್ಯಾಮೆರಾದ ಗಡಿಯಾರ ಸರಿ ಇದೆಯೇ? ಹಿಂದೆ ಒಂದು ಪ್ರಕರಣದಲ್ಲಿ ಇಡೀ ವಿಡಿಯೊ ಚೆನ್ನಾಗಿತ್ತು, ಮೂಲೆಯಲ್ಲಿ ದಿನಾಂಕ ಮಾತ್ರ 2000ದ ಜನವರಿ 1. ಎದುರು ವಕೀಲರು ಅದೊಂದನ್ನೇ ಹಿಡಿದುಕೊಂಡು ಒಂದು ದಿನ ಎಳೆದರು.

ಸಪ್ತಾಪುರ_ಮಾಸ್ತರ · 7.31

ವಕೀಲರು ಹೇಳಿದ್ದು ಅಗದೀ ಸರಿ. ಗಡಿಯಾರ ಹಿಂದ ಹೋಗೋದು ಬರೇ ಸಾಕ್ಷಿಯ ಪ್ರಶ್ನೆ ಅಲ್ಲ, ಸರ್ವರಿಗೂ ತ್ರಾಸು. ತಾರೀಖು ತಪ್ಪಿದ್ರ "ಹಳೇ ಫೈಲ್ ಅಳಿಸು" ಅನ್ನೋ ಪ್ರೋಗ್ರಾಮು ಯಾವುದು ಹಳೇದು ಅಂತ ತಿಳೀದ ಹೊಸದನ್ನ ಅಳಸ್ತದ. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ, ಸಿಆರ್2032, ಬದಲಿ ಮಾಡ್ರಿ. ಸರ್ವರ್ ಎನ್‌ಟಿಪಿಯಿಂದ (ನೆಟ್‌ವರ್ಕಿನ ಮೂಲಕ ಸರಿ ಟೈಮ್ ಕೊಡೋ ವ್ಯವಸ್ಥಾ) ವ್ಯಾಳ್ಯಾ ತಗೊಳ್ಳಲಿ, ಕ್ಯಾಮೆರಾ ಎಲ್ಲಾ ಸರ್ವರಿಂದ ತಗೊಳ್ಳಲಿ.

ಫೈಲ್ ಉಳಿಸೋದಕ್ಕ ಅನ್‌ಟ್ರಂಕ್ ಅಂತ ಒಂದು ಉಪಕರಣ ಅದ. ಕೆಟ್ಟ ಫೈಲಿನ ಜೋಡಿ ಅದ ಕ್ಯಾಮೆರಾದ, ಅದ ಸೆಟ್ಟಿಂಗಿನ ಒಂದು ಛಲೋ ಫೈಲ್ ಕೊಡಬೇಕು. ಛಲೋದರ ರಚನಾ ನೋಡಿ ಕೆಟ್ಟದ್ದಕ್ಕ ಅನುಕ್ರಮಣಿಕೆ ಕಟ್ಟತದ. ಉಣಕಲ್‌ದವರು ಹಿಂದಿನ ತಾಸಿಂದೂ ಕಾಪಿ ಮಾಡ್ರಿ ಅಂದದ್ದು ಅದಕ್ಕ ಅಂತ ಕಾಣ್ತದ.

ಮುಂದಕ್ಕ ಒಂದು ತಾಸಿನ ಫೈಲ್ ಬ್ಯಾಡ, ಐದು ನಿಮಿಷದ್ದು ಮಾಡ್ರಿ. ಬಿದ್ರೂ ಹೋಗೋದು ಐದ ನಿಮಿಷ. ಅದಕ್ಕಿಂತ ಛಲೋ ಅಂದ್ರ ಫ್ರ್ಯಾಗ್ಮೆಂಟೆಡ್ ಎಂಪಿ4 ಇಲ್ಲಾ ಎಂಕೆವಿ. ಅದರಾಗ ಚಿತ್ರದ ತುಣುಕಿನ ಜೋಡಿನ ಅದರ ಲೆಕ್ಕ ಬರಕೋತ ಹೋಗ್ತದ, ನಡುವ ನಿಂತ್ರೂ ಅಲ್ಲೀತನಕದ್ದು ಓಡ್ತದ.

ಉಣಕಲ್_ದಂಡಿ · 7.40

ಖರೆ ಹೇಳಬೇಕಂದ್ರ ಹಿಂದಿನ ತಾಸಿಂದು ಸುಮ್ಮ ಅಂದಿದ್ದೆ, ಟ್ರ್ಯಾಕ್ಟರ್ ಬಂದದ್ದು ಕಾಣಲಿ ಅಂತ. ಕ್ರೆಡಿಟ್ ಮಾತ್ರ ತಗೋತೀನಿ.

ಎಫ್‌ಎಸ್‌ಟ್ಯಾಬ್ ಫೈಲಿನ್ಯಾಗ (ಯಾವ ಡಿಸ್ಕ್ ಹೆಂಗ ಜೋಡಿಸಬೇಕು ಅಂತ ಬರದಿರೂ ಫೈಲ್) ಇರೂ ಆ ಡಿಸ್ಕಿನ ಸಾಲು ಇಲ್ಲಿ ಹಾಕ್ರಿ ನೋಡೂಣು.

ಬ್ಯಾಡಗಿ_ಖಾರ · 8.02

ಫೈಲ್ ಸಿಸ್ಟಮ್ ಎಕ್ಸ್‌ಟಿ4, ಆಮ್ಯಾಲ 'ನೋಏಟೈಮ್, ಬ್ಯಾರಿಯರ್=0' ಅಂತೈತಿ.

ಉಣಕಲ್_ದಂಡಿ · 8.06

ಯಪ್ಪಾ!

ಬೆಟಗೇರಿ_ಮಗ್ಗ · 8.11

ಬ್ಯಾರಿಯರ್=0 ಯಾರು ಹಾಕಿದ್ರು?! ಅಣ್ಣಾರ, ಡಿಸ್ಕ್ ತನ್ನೊಳಗ ಒಂದು ಕ್ಯಾಶ್ ಇಟ್ಕೊಂಡಿರ್ತೈತಿ, "ಬರದೆ" ಅಂತ ಹೇಳಿ ಇನ್ನೂ ಕೈಯಾಗ ಹಿಡಕೊಂಡಿರ್ತೈತಿ. ಜರ್ನಲ್ ನಂಬಿಗಸ್ತ ಆಗಬೇಕಂದ್ರ ಆಗಾಗ "ಕೈಯಾಗಿದ್ದದ್ದು ಕೆಳಗಿಡು, ಆಮ್ಯಾಲ ಮುಂದಿಂದು" ಅಂತ ಗದರಬೇಕು. ಅದ ಬ್ಯಾರಿಯರ್. ಎಕ್ಸ್‌ಟಿ4ನ್ಯಾಗ ಅದು ತಾನಾಗೇ ಚಾಲೂ ಇರ್ತೈತಿ. ಸ್ಪೀಡ್ ಬರ್ತೈತಿ ಅಂತ ಯಾವುದೋ ಹಳೇ ಗೈಡ್ ನೋಡಿ ಆಫ್ ಮಾಡ್ಯಾರ. 12 ಕ್ಯಾಮೆರಾಕ್ಕ ಸೆಕೆಂಡಿಗೆ 6 ಎಂಬಿ ಬರಿಯಾಕ ಯಾ ಸ್ಪೀಡ್ ಬೇಕಾಗಿತ್ತು? ಆ ಮಾತು ತಗದು ಹಾಕಿ ರೀಬೂಟ್ ಮಾಡ್ರಿ.

ಒಂದು ಎಚ್ಚರಿಕಿ. ಜರ್ನಲ್ ಕಾಯೂದು ಫೈಲ್ ಸಿಸ್ಟಮಿನ ಲೆಕ್ಕಪತ್ರ. ವಿಡಿಯೊದ ಕಡೀ ಕೆಲವು ಸೆಕೆಂಡ್ ರ‍್ಯಾಮಿನ್ಯಾಗ ಇದ್ರ ಅವು ಹೋದಂಗ, ಬ್ಯಾರಿಯರ್ ಇದ್ರೂ.

ಸಪ್ತಾಪುರ_ಮಾಸ್ತರ · 8.20

ಡಿಸ್ಕ್ ತುಂಬೋದರ ಬಗ್ಗೆನೂ ಯಾರೂ ಹೇಳಲಿಲ್ಲ. ವಿಡಿಯೊ ಮತ್ತ ಡೇಟಾಬೇಸ್ ಒಂದ ಪಾರ್ಟಿಶನ್ನಿನ್ಯಾಗ ಇದ್ರ, ವಿಡಿಯೊ 100% ತುಂಬಿಸಿದ ಕ್ಷಣ ಡೇಟಾಬೇಸಿಗೆ ಬರೆಯೋದಕ್ಕ ಜಾಗ ಇಲ್ಲ, ಅದೂ ಕೂತ್ತು. ಒಂದು ಸಣ್ಣ 240 ಜಿಬಿ ಎಸ್‌ಎಸ್‌ಡಿ ತಗೊಂಡು ಓಎಸ್, ಡೇಟಾಬೇಸ್ ಅದರ ಮ್ಯಾಲ ಹಾಕ್ರಿ. ವಿಡಿಯೊ ಡಿಸ್ಕನ್ನ 90% ದಾಟಿಸಬ್ಯಾಡ್ರಿ.

ತಾರಿಹಾಳ_ನೈಟ್‌ಶಿಫ್ಟ್ · 8.28

ಸರಿ, ರೇಡ್ ಮಾತು ಬಿಟ್ಟೆ. ಆದ್ರ ಡಿಸ್ಕ್ ವಿಷಯದಾಗ ನನ್ನ ಮಾತು ಕೇಳ್ರಿ. ದಿನಕ್ಕ 518 ಜಿಬಿ ಅಂದ್ರ ವರ್ಷಕ್ಕ 189 ಟಿಬಿ. ಮನಿ ಡೆಸ್ಕ್‌ಟಾಪ್ ಡಿಸ್ಕ್ ಇಷ್ಟಕ್ಕ ಮಾಡಿದ್ದಲ್ಲ. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಅಂತ ಕ್ಯಾಮೆರಾಕ್ಕಂತನ ಬರ್ತಾವ, ಅವಕ್ಕೂ ವರ್ಷಕ್ಕ 180 ಟಿಬಿ ಅಂತ ಬರದಾರ. ನೀವು ಅದನ್ನೂ ದಾಟೀರಿ. ಕ್ಯಾಮೆರಾನ ಎಚ್.265ಕ್ಕ ಹಾಕಿ 2 ಎಂಬಿಪಿಎಸ್ ಮಾಡ್ರಿ, ಅರ್ಧಕ್ಕ ಇಳೀತೈತಿ, ರೆಕಾರ್ಡಿಂಗ್ 15 ದಿನ ಉಳೀತೈತಿ. ಅವಸರದಾಗ ಅಳಸಿ ಹೋಗೂ ಕಾಟನೂ ತಪ್ಪತೈತಿ.

ಉಣಕಲ್_ದಂಡಿ · 8.33

ಇದಕ್ಕ ಪೂರ್ತಿ ಒಪ್ಪಿಗಿ. ಅವು ಎರರ್ ಬಂದ್ರ ಮತ್ತ ಮತ್ತ ಓದಾಕ ನಿಂದ್ರದ ಮುಂದ ಹೋಗ್ತಾವ, ವಿಡಿಯೊ ತುಂಡಾಗಬಾರದಂತ.

ಬೆಟಗೇರಿ_ಮಗ್ಗ · 8.36

ಡಿವಿಆರ್ ಆ ಸ್ಟ್ರೀಮಿಂಗ್ ಕಮಾಂಡ್ ಕಳಿಸಿದ್ರ ಹಂಗ. ಉಬುಂಟುದಾಗ ಸಾದಾ ರೈಟ್, ಆ ಆಟ ನಡಿಯಂಗಿಲ್ಲ. 24 ತಾಸು ದುಡಿಯೂ ತಾಕತ್ತಿಗೆ ತಗೋರಿ, ಆ ಜಾಹೀರಾತಿಗೆ ಅಲ್ಲ.

ಸಪ್ತಾಪುರ_ಮಾಸ್ತರ · 8.45

ಇನ್ನ ಬೂದಿ ಬಣ್ಣದ್ದು. ಖಾರದವರ, ಮೂರು ಕ್ಯಾಮೆರಾ ಅಷ್ಟ ಅಂದ್ರಿ. ಡಿಸ್ಕ್ ಕೆಟ್ಟಿದ್ರ 12ಕ್ಕೂ ಹಂಚಿ ಬರ್ತಿತ್ತು. ಅವು ಸರ್ವರಿಂದ ಎಷ್ಟು ದೂರ ಅವ? ಆರ್‌ಟಿಎಸ್‌ಪಿ (ಕ್ಯಾಮೆರಾದಿಂದ ವಿಡಿಯೊ ತರಿಸೋ ಪದ್ಧತಿ) ಯುಡಿಪಿಯೋ ಟಿಸಿಪಿಯೋ?

ಬ್ಯಾಡಗಿ_ಖಾರ · 8.58

ಯುಡಿಪಿ ಅಂತೈತ್ರಿ. ಕೇಬಲ್ 120 ಮೀಟರ್ ಇರಬೇಕು, ಕಂಪ್ರೆಸರ್ ವೈರಿನ ಜೋಡಿ ಒಂದ ಪೈಪಿನ್ಯಾಗ ಹೋಗೇತಿ.

ಗದಗ_ವೈರ್‌ಮನ್ · 9.01

ಒಂದ ಪೈಪು! 120 ಮೀಟರ್! ತುದಿ ಸ್ವಲ್ಪ ಕೆರದು ನೋಡ್ರಿ, ಒಳಗ ಬೆಳ್ಳಗ ಕಂಡ್ರ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ನೆಟ್‌ವರ್ಕ್ ಕೇಬಲ್ ಮಿತಿನ 100 ಮೀಟರ್, ಅದೂ ಒಳ್ಳೇ ತಾಮ್ರಕ್ಕ.

ಸಪ್ತಾಪುರ_ಮಾಸ್ತರ · 9.07

ಅಂದ್ರ ಆ ವಿಡಿಯೊ ಡಿಸ್ಕಿಗೆ ಬರೋ ಮೊದಲ ಕೆಟ್ಟು ಬಂದದ. ಯುಡಿಪಿಯೊಳಗ ಪ್ಯಾಕೆಟ್ ಕಳಕೊಂಡ್ರ ಕೇಳೋರಿಲ್ಲ. ಮುಂದಿನ ಪೂರ್ಣ ಫ್ರೇಮ್ ಬರೋತನಕ ಚಿತ್ರ ಅಂಬಲಿ. ಇವತ್ತ ಟಿಸಿಪಿಗೆ (ಅದು ಕಳಕೊಂಡದ್ದನ್ನ ಮತ್ತ ಕಳಸ್ತದ) ಬದಲಿಸ್ರಿ, ಕೇಬಲ್ ನಿಧಾನಕ್ಕ ನೋಡ್ರಿ. ನಡುವ ಒಂದು ಸ್ವಿಚ್ ಇಡ್ರಿ, ಇಲ್ಲಾ ಫೈಬರ್ ಎಳಸ್ರಿ. ಫೈಬರಿಗೆ ಸಿಡಿಲಿನ ಭಯನೂ ಇಲ್ಲ.

ಬ್ಯಾಡಗಿ_ಖಾರ · ಮುಂದಿನ ಸೋಮವಾರ ರಾತ್ರಿ 8.30

ತಡ ಆತು, ಕ್ಷಮಾ ಇರಲಿ. ಅನ್‌ಟ್ರಂಕ್ ಮಾಡಿದ್ವಿ, 42 ನಿಮಿಷ 50 ಸೆಕೆಂಡ್ ಬಂತು. ಹ್ಯಾಶ್ ಮೊದಲ ಬರದಿಟ್ಟೇನಿ ವಕೀಲ್ರ. ರೈತರು, ಮಾಲಕರು, ಹಮಾಲರು ಎಲ್ಲಾ ಕೂತು ನೋಡಿದ್ವಿ. ಆರು ಚೀಲ ಹಸಿ ಅದಾವ ಅಂತ ತೂಕದ ಮನಿ ಎಡಕ್ಕ ಇಳಿಸಿದ್ದು ಕಾಣತೈತಿ. 1.40ಕ್ಕ ಬ್ಯಾರೆಯವರ ಕೈಗಾಡಿ ಬಂದು ಅವನ್ನ ತಮ್ಮ ಚೀಲದ ಜೋಡಿ ಎರಡನೇ ಛೇಂಬರಿಗೆ ಒಯ್ತು. ಹೋಗಿ ನೋಡಿದ್ರ ಅಲ್ಲೇ ಅದಾವ, ಚೀಲದ ಮ್ಯಾಲ ರೈತರ ಗುರ್ತು ಸಮೇತ. ಮಾಲಕರು ರಸೀದಿ ತಿದ್ದಿ ಚಹಾ ಕುಡಿಸಿ ಕಳಿಸಿದ್ರು.

ಇನ್ವರ್ಟರ್ ಸ್ವಿಚ್ ಸರಿಸಿದಮ್ಯಾಲ ಆರು ದಿನಾ ಆತು, ನಾವಾಗಿ ಮಾಡಿದ್ದು ಬಿಟ್ರ ಒಂದೂ ರೀಬೂಟ್ ಇಲ್ಲ. 'ಬ್ಯಾರಿಯರ್=0' ತಗದೇನಿ, ಟೇಬಲ್ ಇನ್ನೋಡಿಬಿ ಆಗ್ಯಾವ, ಫೈಲ್ ಐದು ನಿಮಿಷದ್ದು. 199 ಇನ್ನೂ 1412ಕ್ಕ ನಿಂತೈತಿ. ಮೆಮ್‌ಟೆಸ್ಟ್ ರಾತ್ರಿಪೂರ್ತಿ ಓಡಿ ಒಂದೂ ತಪ್ಪಿಲ್ಲ ಅಂತು. ಯುಪಿಎಸ್‌ಗೆ ಮಾಲಕರು ಹೂಂ ಅಂದಾರ, ಫೈಬರ್‌ಗೆ "ನೋಡೂಣು" ಅಂದಾರ. ಟಿಸಿಪಿ ಮಾಡಿದಮ್ಯಾಲ ಎರಡು ಕ್ಯಾಮೆರಾ ಸ್ವಚ್ಛ, ಮೂರನೇದು ಈಗ ಬೂದಿ ಆಗೂ ಬದಲಿ ನಿಂತು ನಿಂತು ಓಡತೈತಿ. ತುದಿ ಕೆರದೆ. ಬೆಳ್ಳಗೈತಿ.

ಗದಗ_ವೈರ್‌ಮನ್ · 8.41

ಹೇಳಿದ್ನಿಲ್ಲ!

ಲಕ್ಷ್ಮೇಶ್ವರ_ಸೈಕಲ್ · 9.55

ಥ್ರೆಡ್ ಪೂರಾ ಓದಿಲ್ಲ. ನಮ್ಮ ಡಿವಿಆರ್ ದಿನಾ ಸಂಜಿ ಬೀಪ್ ಬೀಪ್ ಅಂತೈತಿ, ಏನಿರಬಹುದು?

ಗಿರ್ಮಿಟ್ · 9.56

ಯುಪಿಎಸ್ ಹಾಕ್ರಿ. ಮುಗೀತು ಥ್ರೆಡ್.